ಜೌಗಿಗೆ ಹೆಪ್ಪು ಹಾಕಿದವಳು

ನಮ್ಮ ನಡುಮನೆಗೆ ನುಣುಪಾದ ಹಾಸುಗಲ್ಲು ಹಾಕಿಸಿ ಎಷ್ಟೋ ವರ್ಷಗಳಾದವು. ಅದರ ಮೇಲೆ ಮಗು ಅಂಬೆಗಾಲಿಟ್ಟಿದೆ, ಮುದುಕರು ಕೋಲೂರಿ ನಡೆದಿದ್ದಾರೆ, ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗಿ ಜಾರಿ ಮಾನ ಕಳೆದುಕೊಂಡಿದೆ. ಆದರೆ ಆ ನೆಲವನ್ನು ಈವರೆಗೆ ಒಮ್ಮೆಯೂ ನಂಬದೆ, ಪ್ರತಿ ಹೆಜ್ಜೆಯಲ್ಲೂ ಅದರ ಪ್ರಾಮಾಣಿಕತೆಯನ್ನು ಪರೀಕ್ಷಿಸುತ್ತಲೇ ದಾಟುವ ಜೀವ ಒಂದೇ ಒಂದು, ಅದು ನನ್ನ ನಾದಿನಿ. ಮೊಣಕಾಲನ್ನು ಮೇಲಕ್ಕೆತ್ತಿ, ಪಾದವನ್ನು ಅರೆಗಳಿಗೆ ಗಾಳಿಯಲ್ಲೇ ತಡೆದು, ಮೊದಲು ಬೆರಳು, ಆಮೇಲೆ ಅಂಗಾಲು, ಎಲ್ಲಕ್ಕೂ ಕೊನೆಗೆ ಹಿಮ್ಮಡಿ ಎಂಬ ಕ್ರಮದಲ್ಲಿ ಊರಿ, ಭೂಮಿ ಕುಸಿಯಲಿಲ್ಲವೆಂಬುದು ಖಾತರಿಯಾದ ಮೇಲೆಯೇ ದೇಹದ ಭಾರವನ್ನು ಅದಕ್ಕೆ ಒಪ್ಪಿಸುತ್ತಾಳೆ. ಬಚ್ಚಲಿನಿಂದ ಊಟದ ಮೇಜಿಗೆ ಅವಳು ಬಂದು ಮುಟ್ಟುವಷ್ಟರಲ್ಲಿ ನನ್ನ ಊಟ ಅರ್ಧ ಮುಗಿದಿರುತ್ತದೆ. ಅವಳ ಕೈಕೆಳಗಿನ ಕೆಲಸಗಾರರು ಅವಳಿಗೆ ‘ಕೊಕ್ಕರೆ ಮೇಡಂ’ ಎಂದು ಹೆಸರಿಟ್ಟಿದ್ದರು. ಯಾರೋ ಒಬ್ಬ ಪುಣ್ಯಾತ್ಮ ಸಲಕರಣೆ ಇಡುವ ಶೆಡ್ಡಿನ ಬಾಗಿಲ ಮೇಲೆ ಕೊಕ್ಕರೆಯ ಚಿತ್ರವನ್ನೂ ಬರೆದಿದ್ದ. ಅವಳು ಅದನ್ನು ತುಸು ಹೊತ್ತು ನೋಡಿ, ಸೀಮೆಸುಣ್ಣ ತರಿಸಿ, ಕಾಲಿನ ಗಿಣ್ಣನ್ನು ಅಳಿಸಿ ಇನ್ನೂ ಮೇಲಕ್ಕೆ ತಿದ್ದಿ ಬರೆದು ಒಳಗೆ ಹೋದಳಂತೆ.

ಆ ನಡಿಗೆ ಜೌಗುಗಳಲ್ಲಿ ಅಲೆದಲೆದು ಬಂದದ್ದೆಂದು ಎಲ್ಲರ ನಂಬಿಕೆ. ಅವಳ ಕಸುಬೇ ಅದು: ಯಾವುದೋ ಕಾರಣಕ್ಕೆ ಒಂದು ಜೌಗುನೆಲ ಇಲ್ಲವಾಗಬೇಕಾಗಿ ಬಂದಾಗ, ಅದಕ್ಕೆ ಬದಲಾಗಿ ಇನ್ನೊಂದು ಕಡೆ ಇನ್ನೊಂದು ಜೌಗನ್ನು ಕಟ್ಟಿಕೊಡುವುದು. ಮನೆ ಕಟ್ಟುವವರು, ಸೇತುವೆ ಕಟ್ಟುವವರು, ಬೇಕಾದರೆ ಗಾಳಿಗೋಪುರ ಕಟ್ಟುವವರು ಕೂಡ ಲೋಕದಲ್ಲಿ ಬೇಕಾದಷ್ಟು ಸಿಗುತ್ತಾರೆ. ಓದು ಬರಹ ಮುಗಿಸಿ, ದೊಡ್ಡ ಪದವಿ ಪಡೆದು, ಕೆಸರು ಕಟ್ಟಲು ಹೊರಟವಳನ್ನು ನಾನು ಕಂಡದ್ದು ನಮ್ಮ ಮನೆಯಲ್ಲೇ. ಆದರೆ ನಡಿಗೆಯ ವಿಷಯದಲ್ಲಿ ನನ್ನ ಹೆಂಡತಿಯ ಮತ ಬೇರೆ. “ಅದು ಅಪ್ಪನ ನಡಿಗೆ,” ಎನ್ನುತ್ತಾಳೆ ಆ ಅಕ್ಕ. ಅವರ ಅಪ್ಪ, ಅಂದರೆ ನಮ್ಮ ಮಾವ, ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ದುಡಿದವರು. ಸದಾ ತೊಯ್ದು ಜಾರುತ್ತಿದ್ದ ಅಲ್ಲಿನ ನೆಲದ ಮೇಲೆ ಬೀಳದೆ ಉಳಿಯುವುದಕ್ಕಾಗಿ ಕಲಿತ ಆ ಹೆಜ್ಜೆಯನ್ನು ಅವರು ಮನೆಗೂ ತಂದರು, ಚಿಕ್ಕ ಮಗಳು ಹಿಂದೆ ಹಿಂದೆ ಓಡಾಡಿ ಅದನ್ನು ಕಲಿತಳು. ಇದಕ್ಕೆ ನಮ್ಮ ಮದುವೆಯ ಫೋಟೋದಲ್ಲಿ ಪುರಾವೆಯೂ ಉಂಟು. ನಾವೆಲ್ಲ ಎರಡು ಕಾಲಿನ ಮೇಲೆ ಗಂಭೀರವಾಗಿ ನಿಂತಿರುವಾಗ, ಸಾಲಿನ ತುದಿಯಲ್ಲಿ ಅಪ್ಪನೂ ಮಗಳೂ ಒಂದೊಂದು ಕಾಲನ್ನು ಮೇಲಕ್ಕೆತ್ತಿಕೊಂಡು, ಎಲ್ಲಿಗೋ ಹೊರಟವರಂತೆ ಸಿಕ್ಕಿಬಿದ್ದಿದ್ದಾರೆ.

ಇನ್ನು ಅವಳ ಕೋಟು. ಹುಟ್ಟಿದಾಗ ಅದಕ್ಕೆ ಯಾವ ಬಣ್ಣವಿತ್ತೋ ತಿಳಿಯದು. ನಾನು ಬಲ್ಲ ಕಾಲದಿಂದಲೂ ಅದು ಒಣಗಿದ ಪಾಚಿಯ ಬಣ್ಣದ್ದು, ಮೊಣಕಾಲಿನ ಕೆಳಕ್ಕೆ ಇಳಿಯುವಂಥದ್ದು, ಅಂಚು ಯಾವತ್ತೂ ಒದ್ದೆ. ಅದರ ಜೇಬುಗಳಲ್ಲಿ ಹಣ, ಕನ್ನಡಕ, ಕರವಸ್ತ್ರಗಳಂಥ ನಾಗರಿಕ ವಸ್ತುಗಳಿಗೆ ಸ್ಥಳವಿಲ್ಲ. ಎಲ್ಲೆಲ್ಲಿಯೋ ಕಿತ್ತು ತಂದ ಜೊಂಡಿನ ತೆನೆ, ಹುಲ್ಲಿನ ಬೀಜ, ಗೆಡ್ಡೆ, ಬಸವನಹುಳುವಿನ ಬರಿ ಚಿಪ್ಪು. ಒಮ್ಮೆ ಅವಳು ಪರವೂರಿಗೆ ಹೋದಾಗ ಆ ಕೋಟು ನಮ್ಮ ಹಿತ್ತಲ ಬಾಗಿಲ ಹಿಂದೆ ಒದ್ದೆಯಾಗಿ ತೂಗಾಡುತ್ತಿತ್ತು. ವಾರ ಕಳೆದು ಒಗೆಯಲೆಂದು ತೆಗೆದ ನನ್ನ ಹೆಂಡತಿ ಕಿಟಾರನೆ ಕಿರುಚಿದಳು. ನೋಡಿದರೆ ಎಡಜೇಬಿನಿಂದ ಹಸಿರು ಮೊಳಕೆಗಳು ಹೊರಗಿಣುಕುತ್ತಿದ್ದವು. ಮರಳಿ ಬಂದ ನಾದಿನಿಗೆ ಅಕ್ಕನ ಬೈಗುಳ ಕಿವಿಗೇ ಬೀಳಲಿಲ್ಲ. ಕೋಟನ್ನು ತೊಟ್ಟಿಲ ಕೂಸಿನಂತೆ ಎತ್ತಿಕೊಂಡು ಬೆಳಕಿಗೆ ಹಿಡಿದು, “ಇದು ಹುಟ್ಟಲ್ಲ ಅಂತ ಎಲ್ಲರೂ ಹೇಳಿದ್ರು ಭಾವ,” ಎಂದಳು.

ಅವಳ ಮಾತಿಗೊಂದು ಪಲ್ಲವಿಯಿದೆ: “ನೀರು ಏನನ್ನುತ್ತೆ ನೋಡೋಣ.” ಕೆಲಸದ ಜಾಗದಲ್ಲಿ ಇದಕ್ಕೆ ಅರ್ಥವಿದೆ, ಎಷ್ಟೇ ಲೆಕ್ಕ ಹಾಕಿ ಹಳ್ಳ ತೋಡಿದರೂ ಕಡೆಗೆ ನಿಲ್ಲುವುದೋ ಹರಿಯುವುದೋ ಇಂಗುವುದೋ ನೀರಿನ ಚಿತ್ತ. ಆದರೆ ಅವಳು ಈ ಮಾತನ್ನು ಬಸ್ಸು ತಡವಾದಾಗಲೂ, ಹಲ್ಲು ನೋವಿಗೆ ವೈದ್ಯರು ಮಾತ್ರೆ ಕೊಟ್ಟಾಗಲೂ ಆಡುತ್ತಾಳೆ. ವಯಸ್ಸಿನಲ್ಲಿ ಅವಳನ್ನು ನೋಡಲು ಬಂದಿದ್ದ ಒಬ್ಬ ಸಭ್ಯ ವರನಿಗೂ ಇದನ್ನೇ ಹೇಳಿದಳಂತೆ. ಆತ ಪಾಪ ನೀರಿನ ಅಭಿಪ್ರಾಯಕ್ಕೆ ಕಾಯದೆ ಬೇರೆ ಕಡೆ ಮದುವೆಯಾದ. ನಾನು ಪತ್ರಿಕೆಯೊಂದಕ್ಕೆ ವಾರವಾರ ಅಂಕಣ ಬರೆಯುವವನೆಂದು ಅವಳಿಗೆ ನನ್ನ ಮೇಲೊಂದು ಗುಮಾನಿ. “ನನ್ನ ಬಗ್ಗೆ ಬರೀಬೇಡಿ ಭಾವ. ಬರೆಯೋ ಹಾಗಿದ್ರೆ ಜೊಂಡಿನ ಬಗ್ಗೆ ಬರೀರಿ. ಅದಕ್ಕೆ ಬೇಜಾರಾಗಲ್ಲ,” ಎಂದು ಎಚ್ಚರಿಸಿದ್ದಾಳೆ. ಜೊಂಡಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಮೂರು ಸಾಲಿನಲ್ಲಿ ಮುಗಿಯುವುದರಿಂದ ಅವಳ ಮಾತು ಮೀರುವುದು ಅನಿವಾರ್ಯವಾಗಿದೆ.

ಅವಳು ನಮ್ಮ ಮನೆಯಲ್ಲಿ ಬಂದು ನೆಲೆಸಿದ್ದು ಕೆಲಸದ ನಿಮಿತ್ತ. ನಮ್ಮದು ಬೀದಿಯ ಕೊನೆಯ ಮನೆ. ಹಿತ್ತಲಾಚೆ ಒಂದು ಮುರುಕು ಗೋಡೆ, ಗೋಡೆಯಾಚೆ ವಿಶಾಲವಾದ ಜೌಗು, ಜೌಗಿನಾಚೆ ಬಾಗಿಲು ಮುಚ್ಚಿ ಬಹುಕಾಲವಾದ ಆ ಬಣ್ಣದ ಕಾರ್ಖಾನೆಯ ತುಕ್ಕು ಹಿಡಿದ ಸೂರುಗಳು. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮೊಂದಿಗೇ ಇದ್ದಾರೆ, ಹಿತ್ತಲ ಕಡೆಯ ಕೋಣೆಯಲ್ಲಿ, ಜೌಗಿನತ್ತ ತೆರೆಯುವ ಕಿಟಕಿಯ ಪಕ್ಕ. ಕಾರ್ಖಾನೆಯಲ್ಲಿ ಅವರ ಕೆಲಸ ಸರಳವಾಗಿತ್ತು. ಪಾಳಿ ಮುಗಿಯುವ ಹೊತ್ತಿಗೆ ಬಣ್ಣದ ಕಡಾಯಿಗಳನ್ನು ತೊಳೆದ ನೀರು, ತಳದಲ್ಲಿ ಉಳಿದ ಗಸಿ, ಕೆಟ್ಟುಹೋದ ರಾಸಾಯನಿಕ ಎಲ್ಲವೂ ಒಂದು ತೊಟ್ಟಿಗೆ ಬಂದು ಸೇರುತ್ತಿದ್ದವು. ಮಾವ ಹೋಗಿ ಕಬ್ಬಿಣದ ಚಕ್ರವನ್ನು ತಿರುಗಿಸಿ ವಾಲ್ವ್ ತೆರೆಯುತ್ತಿದ್ದರು. ಎಲ್ಲವೂ ಜೌಗಿಗೆ ಹರಿಯುತ್ತಿತ್ತು. “ಜೌಗಿನ ಹೊಟ್ಟೆ ದೊಡ್ಡದು, ಏನು ಹಾಕಿದ್ರೂ ಅರಗಿಸಿಕೊಳ್ಳುತ್ತೆ,” ಎಂದು ಮೇಲಿನವರು ಅವರಿಗೆ ಹೇಳಿದ್ದರು, ಅವರು ಅದನ್ನು ಮನೆಯಲ್ಲಿ ಹೇಳಿದರು. ಸಂಜೆ ಅಪ್ಪ ಬಂದ ಕೂಡಲೆ ಅಕ್ಕತಂಗಿಯರು ಓಡಿಹೋಗಿ ಅವರ ಉಗುರು ನೋಡಿ, ಇವತ್ತು ನೀಲಿ, ಇವತ್ತು ಕೆಂಪು ಎಂದು ಕುಣಿಯುತ್ತಿದ್ದರಂತೆ. ಅವರ ಬಟ್ಟೆಗಳನ್ನು ಮಾತ್ರ ಅತ್ತೆ ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಿದ್ದರು, ಉಳಿದ ಬಟ್ಟೆಗೆ ಬಣ್ಣ ಹತ್ತಬಾರದೆಂದು.

ಕಾರ್ಖಾನೆ ಮುಚ್ಚಿದ ಮೇಲೆ ಆ ಜೌಗು ರೂಪವಂತವಾಗಿ ಬೆಳೆಯಿತು. ಇದನ್ನು ನಾನು ಅತಿಶಯೋಕ್ತಿಯಿಲ್ಲದೆ ಹೇಳುತ್ತಿದ್ದೇನೆ. ನಮ್ಮ ಸುತ್ತಲಿನ ಸಿಮೆಂಟು, ತಗಡು, ಧೂಳುಗಳ ಪ್ರಪಂಚದಲ್ಲಿ ಕಣ್ಣಿಗೆ ತಂಪೆನಿಸುವ ಜಾಗ ಅದೊಂದೇ. ಆಳೆತ್ತರದ ಜೊಂಡು, ಅದರ ನಡುನಡುವೆ ತಿಳಿನೀರಿನ ಕಿಂಡಿಗಳು, ಬೆಳಗಿನ ಬಿಸಿಲಿಗೆ ರೆಕ್ಕೆ ಮಿನುಗಿಸುವ ಏರೋಪ್ಲೇನ್ ಚಿಟ್ಟೆಗಳು, ಮರಿಗಳ ದಂಡನ್ನು ಹಿಂದಿಟ್ಟುಕೊಂಡು ಗತ್ತಿನಿಂದ ಈಜುವ ನೀರುಕೋಳಿ. ಮಾವ ದಿನವಿಡೀ ಆ ಕಿಟಕಿಯಲ್ಲಿ ಕೂತಿರುತ್ತಿದ್ದರು. ಮೊಣಕಾಲು ಹಿಡಿದು ಓಡಾಟ ಕಡಿಮೆಯಾದ ಮೇಲಂತೂ ಅದೇ ಅವರ ಪತ್ರಿಕೆ, ಅದೇ ಅವರ ನಾಟಕಶಾಲೆ. ನಾನು ಕೋಣೆಗೆ ಕಾಲಿಟ್ಟರೆ ಸಾಕು: “ನೋಡಿದ್ರಾ ಅಳಿಯಂದ್ರೆ, ಮತ್ತೆ ಮೊಟ್ಟೆ ಇಡೋಕೆ ಬಂದಿದ್ದಾವೆ. ಕೆಟ್ಟ ನೀರಾಗಿದ್ರೆ ಹಕ್ಕಿ ಬರ್ತಿತ್ತಾ?” ಮೊದಮೊದಲು ಇದು ಬರಿಯ ಹಕ್ಕಿಯ ಮಾತೆಂದುಕೊಂಡಿದ್ದೆ. ಇದೇ ಪ್ರಶ್ನೆಯನ್ನು ಅವರು ಹಾಲಿನವನಿಗೂ, ಮನೆಗೆ ಬಂದ ನೆಂಟರಿಗೂ, ಒಬ್ಬರೇ ಇದ್ದಾಗ ಕಿಟಕಿಗೂ ಕೇಳುವುದನ್ನು ಕಂಡ ಮೇಲೆ, ಅವರು ತಮ್ಮ ಮೇಲಿನ ಮೊಕದ್ದಮೆಯಲ್ಲಿ ತಾವೇ ವಾದಿಸುತ್ತಿದ್ದಾರೆಂದೂ ಆ ಹಕ್ಕಿಗಳು ಅವರ ಪರವಾದ ಸಾಕ್ಷಿಗಳೆಂದೂ ಅರ್ಥವಾಗಿ ಸಂಕಟವಾಯಿತು.

ಏಕೆಂದರೆ ಬೀದಿಯ ಬಾವಿಗಳಿಗೆಲ್ಲ ಅಷ್ಟು ಹೊತ್ತಿಗೆ ಮುಚ್ಚಳ ಬಿದ್ದು, ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಜೌಗಿನ ನೀರು ಮೇಲೆ ತಿಳಿ. ವಿಷವೆಲ್ಲ ತಳದ ಕೆಸರಿನಲ್ಲಿ ಪದರಪದರವಾಗಿ ಕೂತಿತ್ತು. ಅದನ್ನು ಬೇರು ಹೀರುತ್ತದೆ, ಹುಳು ತಿನ್ನುತ್ತದೆ, ಹುಳುವನ್ನು ಹಕ್ಕಿ ತಿನ್ನುತ್ತದೆ, ಹಕ್ಕಿಯ ಮೊಟ್ಟೆಯ ಚಿಪ್ಪು ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುವಷ್ಟು ತೆಳ್ಳಗಾಗುತ್ತದೆ. ಕಿಟಕಿಯಿಂದ ಕಾಣುತ್ತಿದ್ದುದು ಉಳಿದ ಮರಿಗಳು ಮಾತ್ರ. ಜೊಂಡಿನೊಳಗೆ ಹೊಕ್ಕು ನೋಡಿದ ನನ್ನ ನಾದಿನಿ ಒಡೆದ ಗೂಡುಗಳನ್ನು ಕಂಡಿದ್ದಳು. ಪರಿಹಾರ ಒಂದೇ: ಕೆಸರನ್ನೆಲ್ಲ ಅಗೆದು ತೆಗೆದು ಸಾಗಿಸಿ, ಗುಂಡಿಗೆ ಜೇಡಿ ಮಣ್ಣು ಬಡಿದು ಮುಚ್ಚುವುದು. ಅಲ್ಲಿಗೆ ಆ ಜೌಗು ಶಾಶ್ವತವಾಗಿ ಮುಗಿದಂತೆ. ಅದಕ್ಕೆ ಬದಲು ರಸ್ತೆಯಾಚೆ, ಹಿಂದೆ ಇಟ್ಟಿಗೆಗಾಗಿ ಮಣ್ಣು ತೆಗೆದು ಬಿಟ್ಟಿದ್ದ ತಗ್ಗಿನಲ್ಲಿ ಹೊಸ ಜೌಗು ಆಗಬೇಕು. ಅದು ಬದುಕಿದೆಯೆಂದು ಅವಳು ಸಹಿ ಮಾಡುವವರೆಗೆ ಹಳೆಯದನ್ನು ಯಾರೂ ಮುಟ್ಟುವಂತಿಲ್ಲ. ಹಕ್ಕಿ ಗೂಡು ಕಟ್ಟುವ ಕಾಲದಲ್ಲಂತೂ ಅಗೆಯುವ ಮಾತೇ ಇಲ್ಲ. ಇದಿಷ್ಟು ಕಾನೂನು. ಕಾನೂನಿನಲ್ಲಿ ಇಲ್ಲದ್ದು ಇನ್ನೊಂದಿತ್ತು: ಅಪ್ಪನ ಸಾಕ್ಷಿಗಳನ್ನು ಮಗಳು ತಾನೇ ಓಡಿಸಬೇಕು, ಯಾಕೆಂದು ಅಪ್ಪ ಕೇಳಿದರೆ ಉತ್ತರ ಕೊಡಬೇಕು. “ರಸ್ತೆ ಆ ಕಡೆ ಹೊಸ ಜೌಗು ಮಾಡ್ತಿದ್ದೀವಿ ಅಪ್ಪ,” ಎಂದಷ್ಟೇ ಅವಳು ಹೇಳಿದ್ದಳು. ಅವರು ಯಾಕೆಂದು ಕೇಳಲಿಲ್ಲ. ಅವರು ಕೇಳಲಿಲ್ಲವೆಂದು ಅವಳು ಹೇಳಲಿಲ್ಲ. ನಾನೂ ನನ್ನ ಹೆಂಡತಿಯೂ ಬಾಯಿಗೆ ಬೀಗ ಹಾಕಿಕೊಂಡು ಆ ಇಬ್ಬರ ನಡುವೆ ತಟ್ಟೆ ಲೋಟ ಸರಿಸುತ್ತಿದ್ದೆವು.

ಹೊಸ ಜೌಗಿನ ಮೊದಲ ಪ್ರಯತ್ನ ನೆಲಕಚ್ಚಿತು, ಮತ್ತು ಅದಕ್ಕೆ ಕಾರಣ ಒಬ್ಬನ ಶ್ರದ್ಧೆ. ಅಲ್ಲಿ ಬುಲ್ಡೋಜರ್ ನಡೆಸುತ್ತಿದ್ದವನಿಗೆ ‘ರಸಮಟ್ಟ’ ಎಂದು ಅಡ್ಡಹೆಸರು. ಗಾರೆಯವರು ಗೋಡೆ ನೆಲಗಳ ಸಮ ನೋಡಲು ಬಳಸುವ ಆ ಉಪಕರಣದ ಅಗತ್ಯವೇ ಇಲ್ಲದಂತೆ, ಬರಿಗಣ್ಣಿನಲ್ಲಿ ನೆಲವನ್ನು ಮಟ್ಟ ಮಾಡಬಲ್ಲ ನಿಪುಣ. ಆಟದ ಮೈದಾನ, ಉಗ್ರಾಣದ ನೆಲ, ವಿಮಾನ ಇಳಿಯುವ ಪಟ್ಟಿ, ಎಲ್ಲವನ್ನೂ ಹಾಸಿದ ಕೈ. ನಾದಿನಿ ಪಕ್ಕದ ಕಾಲುವೆಯ ತೂಬಿನ ಕೆಲಸದಲ್ಲಿ ಮುಳುಗಿ, ತಗ್ಗಿನ ತಳವನ್ನು ಅವನ ಪಾಡಿಗೆ ಬಿಟ್ಟಳು. ಅವನು ಅದನ್ನು ಕನ್ನಡಿಯಂತೆ ಮಾಡಿಕೊಟ್ಟ. ನೀರು ಬಿಟ್ಟಾಗ ಎಲ್ಲ ಕಡೆಯೂ ಒಂದೇ ಆಳ, ಒಂದೇ ತಾಪ, ಒಂದೇ ಮೌನ. ಆಳ ಬೇಕಾದ ಗಿಡಕ್ಕೆ ಅದು ಆಳವಲ್ಲ, ದಡ ಬೇಕಾದ ಗಿಡಕ್ಕೆ ಅಲ್ಲಿ ದಡವೇ ಇಲ್ಲ. ನೆಟ್ಟದ್ದೆಲ್ಲ ಕೊಳೆಯಿತು, ಹಸಿರು ಪಾಚಿಯೊಂದು ಕಂಬಳಿ ಹೊದಿಸಿದಂತೆ ಹಬ್ಬಿತು. ತಾನು ಪಕ್ಕದಲ್ಲಿ ನಿಂತು ಹೇಳದೆ ಹೋದದ್ದು ತನ್ನದೇ ತಪ್ಪೆಂದು ನಾದಿನಿ ಎಲ್ಲರೆದುರು ಒಪ್ಪಿಕೊಂಡು, ನೀರು ಇಳಿಸಿ, ಅವನನ್ನು ಕರೆದು ಕೈಮುಗಿದಳು.

“ಈ ಸಲ ದಯವಿಟ್ಟು ಕೆಟ್ಟದಾಗಿ ಮಾಡಿ.”

ರಸಮಟ್ಟನಿಗೆ ಅವಮಾನವಾಯಿತು. ಮುಖ ಹುಳ್ಳಗೆ ಮಾಡಿಕೊಂಡು ಯಂತ್ರ ಏರಿದ. ಒಂದು ಗುಂಡಿ ತೋಡುತ್ತಾನೆ, ಹಿಂದಿರುಗಿ ನೋಡುತ್ತಾನೆ, ಮನಸ್ಸು ತಡೆಯದೆ ಅಂಚನ್ನು ಸವರಿ ನಯ ಮಾಡಿಬಿಡುತ್ತಾನೆ. ಅವಳು ಕೊಕ್ಕರೆ ಹೆಜ್ಜೆಯಿಟ್ಟುಕೊಂಡು ಹೋಗಿ ಆ ಅಂಚನ್ನು ಕಾಲಲ್ಲಿ ತುಳಿದು ಕೆಡಿಸುತ್ತಾಳೆ. ಇಡೀ ದಿನ ಈ ಜುಗಲ್‌ಬಂದಿ ನಡೆಯಿತು. ಕಡೆಗೆ ಅವನು, “ನನ್ನ ಹೆಂಡತಿ ಈ ಕಡೆ ಬಂದಾಗ ಇದನ್ನ ಮಾಡಿದ್ದು ನಾನು ಅಂತ ಮಾತ್ರ ಹೇಳ್ಬೇಡಿ ಮೇಡಂ,” ಎಂಬ ಷರತ್ತಿನ ಮೇಲೆ ಸೋಲೊಪ್ಪಿ, ಕಣ್ಣು ಅತ್ತ ತಿರುಗಿಸಿಕೊಂಡು, ಉಬ್ಬುತಗ್ಗು ಹಳ್ಳದಿಣ್ಣೆಗಳ ಒಂದು ಅಪೂರ್ವ ಅಧ್ವಾನವನ್ನು ನಿರ್ಮಿಸಿದ.

ಇನ್ನು ಹೆಪ್ಪಿನ ಸಮಸ್ಯೆ. ಹಾಲಿಗೆ ಮನೆಯ ಹಳೆ ಮೊಸರನ್ನೇ ಹೆಪ್ಪು ಹಾಕುವಂತೆ, ಹೊಸ ಜೌಗಿಗೆ ಹಳೆ ಜೌಗಿನ ಒಂದಿಷ್ಟು ಕೆಸರನ್ನು ತಂದು ಹರಡುವುದು ಆ ಕಸುಬಿನ ಪದ್ಧತಿ. ಆ ಕೆಸರಿನಲ್ಲಿ ಎಷ್ಟೋ ಕಾಲದ ಬೀಜಗಳು ನಿದ್ದೆ ಹೋಗಿರುತ್ತವೆ, ಕಣ್ಣಿಗೆ ಕಾಣದ ಜೀವರಾಶಿ ಇರುತ್ತದೆ. ಅದು ಬಿದ್ದರೆ ಹೊಸ ನೀರಿಗೆ ತನ್ನ ಮನೆತನದ ನೆನಪು ಬಂದಂತೆ. ಇಲ್ಲಿ ಹೆಪ್ಪೇ ಕೆಟ್ಟಿತ್ತು. ನಾದಿನಿಗೆ ಆ ಜೌಗಿನ ಒಂದು ಎಳೆಯಾದರೂ ಉಳಿಯಲೆಂಬ ಆಸೆ, ಮುಖ್ಯವಾಗಿ ಕಿಟಕಿಗೆ ಕಾಣುವ ಆ ನೇರಳೆ ತೆನೆಯ ಜೊಂಡು, ಅಪ್ಪನ ಮೆಚ್ಚಿನದು. ಕೆಸರನ್ನು ಮೂಲೆಮೂಲೆಯಿಂದ ತೆಗೆಸಿ ಪರೀಕ್ಷೆಗೆ ಕಳಿಸಿದಳು. ಒಂದು ಮೂಲೆಯದು, ಇಷ್ಟು ವಿಷವಿದ್ದರೆ ಪರವಾಗಿಲ್ಲವೆಂದು ಗೊತ್ತುಮಾಡಿದ ಗಡಿಯ ಹತ್ತಿರ ಬಂತು. ತುಸು ಕಣ್ಣುಮುಚ್ಚಿದರೆ ಆಗುತ್ತದೆ ಎನ್ನುವಷ್ಟು ಹತ್ತಿರ. ಅವಳ ಜೊತೆಯವರು ಆಗುತ್ತದೆಂದೇ ಅಂದರು. ಅವಳು ಸೊಪ್ಪು ಹಾಕಲಿಲ್ಲ. “ಗಡಿ ಹತ್ತಿರ ಅಂದ್ರೆ ಗಡಿ ದಾಟಿದೆ ಅಂತಾನೇ ಅರ್ಥ,” ಎಂದವಳು ದೂರದ ಬೇರೆ ಜೌಗುಗಳಿಂದ, ನೆರೆಮನೆಯಿಂದ ಹೆಪ್ಪು ಕೇಳಿ ತಂದಂತೆ, ಬಕೆಟ್ಟುಗಳಲ್ಲಿ ಕೆಸರು ತಂದು ಹರಡಿದಳು. ಆ ದಿನ ಊಟ ಮಾಡಲಿಲ್ಲ. ಕೋಟನ್ನೂ ಬಿಚ್ಚದೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು.

ಅವಳ ಹಠಗಳಲ್ಲಿ ಊರಿಗೆಲ್ಲ ಗೊತ್ತಿದ್ದದ್ದು ತೊಟ್ಟಿಯದು. ಹಳೆ ಜೌಗಿನ ಬೇಲಿಯ ಗೇಟಿನಲ್ಲಿ ಒಂದು ಸಿಮೆಂಟಿನ ತೊಟ್ಟಿ, ಪಕ್ಕದಲ್ಲಿ ಬಿರುಸು ಕೂದಲಿನ ಬ್ರಷ್ಷು. ಒಳಗೆ ಕಾಲಿಟ್ಟವರು ಯಾರೇ ಆಗಲಿ, ಹೊರಬರುವಾಗ ಅಲ್ಲಿ ನಿಂತು ಪಾದರಕ್ಷೆಯ ಅಟ್ಟೆಯನ್ನು ಉಜ್ಜಿ ತೊಳೆಯದೆ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಮೊದಲ ವರ್ಷ, ಹೊಸದು ಸತ್ತು ಮಲಗಿದ್ದಾಗಲೇ, ಒಬ್ಬ ದೊಡ್ಡ ಸಾಹೇಬರು ಬಂದರು. ಬಾವಿ ಕೆಟ್ಟ ಬೀದಿಯವರ ಕೂಗು ಜೋರಾಗಿದೆ, ಹೊಸ ಜೌಗು ಬದುಕಿದೆ ಎಂದು ಸಹಿ ಹಾಕಿಬಿಟ್ಟರೆ ಅಗೆತ ಶುರುವಾಗುತ್ತದೆ, ಎಲ್ಲರಿಗೂ ಒಳ್ಳೆಯದು ಎಂದು ನಯವಾಗಿ ಹೇಳಿದರು. ನಿಜ ಹೇಳಬೇಕೆಂದರೆ ಆ ಕೂಗಿನಲ್ಲಿ ನನ್ನ ಹೆಂಡತಿಯ ದನಿಯೂ ಇತ್ತು. ಟ್ಯಾಂಕರಿಗೆ ಕಾದು ಕಾದು ಬೇಸತ್ತ ಅವಳು, “ನಿನಗೆ ಜೊಂಡು ಮುಖ್ಯವೋ ನಾವು ಮುಖ್ಯವೋ?” ಎಂದು ತಂಗಿಯನ್ನು ಕೇಳಿಬಿಟ್ಟಿದ್ದಳು. ನಾದಿನಿ ಅಕ್ಕನಿಗೂ ಉತ್ತರ ಹೇಳಲಿಲ್ಲ, ಸಾಹೇಬರಿಗೂ ಸಹಿ ಮಾಡಲಿಲ್ಲ. “ಸತ್ತದ್ದನ್ನ ಬದುಕಿದೆ ಅಂತ ನಾನು ಬರೆಯಲ್ಲ ಸಾರ್. ಬರೆದ್ರೆ ಹಳೇದೂ ಹೋಯ್ತು, ಹೊಸದೂ ಇಲ್ಲ,” ಎಂದು ಹೇಳಿ, ಹೊರಟುನಿಂತ ಅವರ ಮಿರಮಿರ ಮಿಂಚುವ ಬೂಟುಗಳ ಕಡೆ ಬೆರಳು ತೋರಿಸಿ, ಬ್ರಷ್ಷನ್ನು ಅವರ ಕೈಗೇ ಕೊಟ್ಟಳು. ಕಾಗೆಗೂ ಗುಬ್ಬಿಗೂ ಒಂದೇ ಕಾನೂನು ಎಂದು ರಸಮಟ್ಟ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಎರಡನೆಯ ಸಲ ನೀರು ಒಪ್ಪಿತು. ರಸಮಟ್ಟನ ಅಧ್ವಾನದಲ್ಲಿ ಒಂದೊಂದು ತಗ್ಗಿನಲ್ಲಿ ಒಂದೊಂದು ಬಗೆಯ ಗಿಡ ತನಗೆ ತಕ್ಕ ಆಳ ಹುಡುಕಿಕೊಂಡಿತು. ದಿಣ್ಣೆಯಂಚಿನಲ್ಲಿ ಜೊಂಡು ತಲೆಯೆತ್ತಿತು. ಕಪ್ಪೆಗಳು ಎಲ್ಲಿಂದಲೋ ಬಂದು ಹಕ್ಕು ಸ್ಥಾಪಿಸಿದವು. ಮರುವರ್ಷವೂ ಅದು ಒಣಗದೆ ಕೊಳೆಯದೆ ನಿಂತದ್ದನ್ನು ನೋಡಿ ಅವಳು ಸಹಿ ಹಾಕಿದಳು, ಗೂಡಿನ ಕಾಲಕ್ಕೆ ಇನ್ನೂ ಸಾಕಷ್ಟು ಮುಂಚೆ. ನೋಡಲು ಅದು ಬಡಕಲು. ಕಿಟಕಿಯಾಚೆಯ ಐಶ್ವರ್ಯದ ಮುಂದೆ, ಕೂದಲು ಉದುರಿ ಮತ್ತೆ ಚಿಗುರುತ್ತಿರುವ ತಲೆಯಂತಿತ್ತು.

ಯಂತ್ರಗಳು ಬರುವ ಹಿಂದಿನ ದಿನ ಬೆಳಿಗ್ಗೆ ನಾವೆಲ್ಲ ತಿಂಡಿಗೆ ಕೂತಿದ್ದೆವು. ಮಾವ ಲೋಟವನ್ನು ಕೆಳಗಿಟ್ಟು, ಮಗಳ ಕಡೆ ನೋಡದೆ ಕೇಳಿದರು.

“ನಾಳೆಯಿಂದ ಅಗೀತೀರಾ?”

“ಹೌದು ಅಪ್ಪ.”

“ಅದರೊಳಗೆ ಇರೋದು ನಾನು ಬಿಟ್ಟಿದ್ದೇನಾ?”

ಹಾಲು ಬಗ್ಗಿಸುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು. ಮಗಳಿಗೆ ತಪ್ಪಿಸಿಕೊಳ್ಳಲು ದಾರಿಗಳಿದ್ದವು. ಬೇರೆ ಪಾಳಿಗೆ ಬೇರೆಯವರಿದ್ದರು, ಮೇಲಿನವರು ಹೇಳಿದ್ದನ್ನು ಮಾಡಿದ್ದು, ಆ ಕಾಲವೇ ಹಾಗಿತ್ತು. ಇವೆಲ್ಲ ಸುಳ್ಳೂ ಅಲ್ಲ. ಅವಳು ಆ ಪಲ್ಲವಿಯನ್ನಾದರೂ ಹಾಡಿ ಜಾರಿಕೊಳ್ಳಬಾರದೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

“ಹೌದು ಅಪ್ಪ, ನೀನು ಬಿಟ್ಟಿದ್ದೇ,” ಎಂದಳು. ಆಮೇಲೆ, ಅದೇ ದನಿಯಲ್ಲಿ, “ಆ ಸಂಬಳದಲ್ಲೇ ನಾನು ಓದಿದ್ದು. ಓದಿದ್ದಕ್ಕೇ ಇದು ಗೊತ್ತಾಗಿದ್ದು.”

ಅವರು ಮೇಜಿನ ಮೇಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು. ಉಗುರುಗಳು ಎಂದೋ ಬಿಳಿಯಾಗಿದ್ದವು. “ಒಂದ್ಸಲ ಹತ್ತಿರ ಹೋಗಿ ನೋಡ್ಬೇಕು,” ಎಂದರು.

ಮಧ್ಯಾಹ್ನ ನಾನೂ ಜೊತೆಗೆ ಹೋದೆ. ಮಗಳ ಹೆಗಲು ಹಿಡಿದುಕೊಂಡು ಮಾವ ಗೇಟು ದಾಟಿ, ಜೊಂಡಿನ ಪಕ್ಕದ ದಾರಿಯಲ್ಲಿ ನಡೆದು, ತುಕ್ಕು ಹಿಡಿದ ಆ ಚಕ್ರದ ಹತ್ತಿರ ನಿಂತರು. ಅದರ ಮೇಲೆ ಕೈಯಿಟ್ಟರು, ತಿರುಗಿಸಲು ನೋಡಲಿಲ್ಲ. ಒಂದು ನೀರುಕೋಳಿ ಅವರನ್ನು ಕಂಡು ಬೈದುಕೊಂಡು ಜೊಂಡಿನೊಳಕ್ಕೆ ಹೋಯಿತು. ಎಂದಿನಂತೆ ಅವರು ಹಕ್ಕಿಯ ಮಾತೆತ್ತುತ್ತಾರೆಂದು ಕಾದೆ. ಎತ್ತಲಿಲ್ಲ. ಹಿಂದಿರುಗಿ ಬರುವಾಗ, ಬದುಕಿನುದ್ದಕ್ಕೂ ಮಾಡಿದ ಹಾಗೆ, ನೇರವಾಗಿ ಗೇಟಿನಾಚೆಗೆ ಹೊರಟರು. ಮಗಳು ಅವರ ತೋಳು ಹಿಡಿದು ತಡೆದಳು.

ಅವರನ್ನು ತೊಟ್ಟಿಯ ಅಂಚಿನ ಮೇಲೆ ಕೂರಿಸಿ, ಆ ಪಾಚಿ ಬಣ್ಣದ ಕೋಟಿನಲ್ಲೇ ನೆಲಕ್ಕೆ ಮೊಣಕಾಲೂರಿ, ಒಂದು ಪಾದವನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಶೂವಿನ ಅಟ್ಟೆಯನ್ನು ಬ್ರಷ್ಷಿನಿಂದ ಉಜ್ಜತೊಡಗಿದಳು; ಸಂದುಸಂದಿನ ಕೆಸರನ್ನು ಕಡ್ಡಿಯಿಂದ ಕೆದಕಿ, ನೀರು ಹೊಯ್ದು, ಮತ್ತೆ ಉಜ್ಜಿ.

“ಇಷ್ಟೊಂದು ತೊಳೀಬೇಕಾ?”

“ಎಲ್ಲರಿಗೂ ಇಷ್ಟೇ ಅಪ್ಪ.”

ಅವರು ಹರಿದುಹೋಗುವ ಕೊಳೆನೀರನ್ನು ನೋಡುತ್ತಿದ್ದರು. “ನಮಗೆ ಆಗ ಇದನ್ನ ಯಾರೂ ಹೇಳ್ಲಿಲ್ಲ,” ಎಂದರು. ಆಮೇಲೆ, “ಈ ಕಾಲಲ್ಲೇ ನಿಮ್ಮಮ್ಮನ ಅಡಿಗೆಮನೆಗೆ ಹೋಗ್ತಿದ್ದೆ.”

ನಾದಿನಿಯ ಕೈ ಒಂದು ಗಳಿಗೆ ನಿಂತದ್ದನ್ನು ನಾನು ಕಂಡೆ. ಅವಳು ತಲೆಯೆತ್ತಲಿಲ್ಲ, ಸಮಾಧಾನದ ಮಾತಾಡಲಿಲ್ಲ. ತೊಳೆದ ಪಾದವನ್ನು ಮೆಲ್ಲಗೆ ಒಣನೆಲದ ಮೇಲೆ ಇಳಿಸಿ, “ಇನ್ನೊಂದು ಕಾಲು ಕೊಡಪ್ಪ,” ಎಂದಳು.

ಅಲ್ಲಿಂದ ರಸ್ತೆ ದಾಟಿ ಹೊಸ ಜೌಗಿನ ಏರಿಯ ಮೇಲೆ ಹೋದೆವು. ಮಾವ ಅದನ್ನು ಈ ತುದಿಯಿಂದ ಆ ತುದಿಯವರೆಗೆ, ಹೆಣ್ಣು ನೋಡಲು ಬಂದ ಗಂಡಿನ ಕಡೆಯ ಹಿರಿಯರಂತೆ ನಿಷ್ಠುರವಾಗಿ ದಿಟ್ಟಿಸಿದರು. “ಇದು ಅಷ್ಟು ಚೆನ್ನಾಗಿಲ್ಲ,” ಎಂದರು. ಇಲ್ಲವೆಂದು ಅವಳೂ ಒಪ್ಪಿದಳು. “ಆಗುತ್ತಾ?” ಎಂದು ಕೇಳಿದರು. “ನೀರು ಏನನ್ನುತ್ತೆ ನೋಡೋಣ,” ಎಂದಳು ನನ್ನ ನಾದಿನಿ. ಆಗ ಮಾವ ಮಗಳ ಹೆಗಲನ್ನು ಬಿಟ್ಟು, ಏರಿಯ ಹಸಿ ಮಣ್ಣಿನ ಮೇಲೆ ತಾವೇ ಒಂದು ಹೆಜ್ಜೆ ಮುಂದೆ ಹೋದರು. ಮೊಣಕಾಲೆತ್ತಿ, ಪಾದವನ್ನು ಗಾಳಿಯಲ್ಲಿ ತಡೆದು, ಮೊದಲು ಬೆರಳು, ಆಮೇಲೆ ಅಂಗಾಲು. ಅವರ ಹಿಂದೆ ಅವಳು, ಅದೇ ರೀತಿ.

ಹಳೆ ಜೌಗು ಈಗಿಲ್ಲ. ಮಾವನ ಮಂಚವನ್ನು ರಸ್ತೆಯ ಕಡೆಯ ಕೋಣೆಗೆ ಸರಿಸಿದ್ದೇವೆ. ಅಲ್ಲಿಂದ ಹೊಸದರ ಒಂದು ಮೂಲೆ ಕಾಣುತ್ತದೆ. ಹಕ್ಕಿ ಬಂದರೆ ಹೇಳುತ್ತಾರೆ, ಅದರ ಮೇಲೆ ಪ್ರಶ್ನೆ ಕೇಳುವುದಿಲ್ಲ. ನಾದಿನಿ ಇನ್ನೂ ಯಾವುದೋ ಊರಿನಲ್ಲಿ ಯಾರೋ ಕೆಡಿಸಿದ್ದರ ಬದಲಿಗೆ ಏನನ್ನೋ ಕಟ್ಟುತ್ತಿದ್ದಾಳೆ. ಅವಳಂಥವರ ಒಂದು ಕುಲವೇ ಇದೆಯೆಂದು ನನಗೆ ಈಚೆಗೆ ಅನ್ನಿಸುತ್ತದೆ. ಕೆಡಿಸಿದವರು ಒಂದು ಕಾಲದವರು, ಅನುಭವಿಸುವವರು ಇನ್ನೊಂದು ಕಾಲದವರು, ಇವೆರಡರ ನಡುವೆ ಮೊಣಕಾಲೂರಿ ತೊಳೆಯುವ ಕೆಲಸ ಇವರ ಪಾಲಿಗೆ ಬರುತ್ತದೆ. ತಾವು ಕಟ್ಟಿದ್ದು ಕಳೆದುಹೋದದ್ದಕ್ಕೆ ಸಮನಲ್ಲವೆಂದು ಇವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಆದ್ದರಿಂದ ಹೊಗಳಿದರೆ ಮುಜುಗರಪಡುತ್ತಾರೆ. ತಪ್ಪನ್ನು ತಪ್ಪೆಂದು ಹೇಳಿದ ಅದೇ ಬಾಯಿಯಲ್ಲಿ ತಪ್ಪು ಮಾಡಿದವರನ್ನು ಅಪ್ಪ ಎಂದು ಕರೆಯಲು ಇವರಿಗೆ ಬರುತ್ತದೆ. ನೆಲವನ್ನು ಇವರು ಸುಲಭಕ್ಕೆ ನಂಬುವುದಿಲ್ಲ. ಆದರೂ ಮುಂದಿನ ಹೆಜ್ಜೆಯನ್ನು ಇಟ್ಟೇ ಇಡುತ್ತಾರೆ, ಊರಿದ ಮೇಲೆ ಹಿಂದೆ ಬರುವವರಿಗೆ ಕೈ ಚಾಚುತ್ತಾರೆ.